ಸಕ್ರಿಯಕಾರ್ಯಕೇಂದ್ರಿತ ಅಂತರ್ಜಾಲ ಸಮೂಹಮೀಮಾಂಸೆ: ಪಾಪಿರೆಡ್ಡಿಪಟ್ಟಿಯ ಕಲ್ಪಿತ ಕಲ್ಲೊಂದನ್ನು ಮುಂದಿಟ್ಟುಕೊಂಡು

ಶಾಸನಪ್ರಿಯರ ಅಂತರ್ಜಾಲ ಬಳಗ ಕಟ್ಟುವುದಕ್ಕೆ ಮೊದಲು ಅದಕ್ಕೊಂದು ಸೈದ್ಧಾಂತಿಕ ಚೌಕಟ್ಟು, ಚೌಕಟ್ಟಿಗೊಂದು ಪೂರ್ವಪೀಠಿಕೆ, ಪೀಠಿಕೆಯ ಕರಡು ತಿದ್ದಲು ಒಂದು ಉಪಸಮಿತಿ ಬೇಕೆಂಬುದು ವಿದ್ವಜ್ಜನರ ನಿರ್ವಿವಾದ ಮತ. ಪ್ರಸ್ತುತ ಪ್ರಬಂಧ ಆ ಪರಂಪರೆಯ ಪಾದಧೂಳಿ. ಅಧ್ಯಯನದ ಅನುಕೂಲಕ್ಕೆ, ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯ ಹೊಲವೊಂದರ ಬದುವಿನಲ್ಲಿ ವೀರಗಲ್ಲು ವಾಲಿಕೊಂಡಿದೆ ಎಂದಿಟ್ಟುಕೊಳ್ಳೋಣ. ಕಲ್ಲು ಕಲ್ಪಿತ, ಸೀಮೆ ಅಲ್ಲ. ತಗಡೂರೆಂಬುದು ಧರ್ಮಪುರಿಯ ಹಳೆಯ ಹೆಸರು. ನೊಳಂಬರು ಆಳಿ ಕನ್ನಡ ಶಾಸನ ಹಾಕಿಸಿದ ನೆಲ. ವಟ್ಟೆಳುತ್ತು ಲಿಪಿಯ ತಮಿಳು ವೀರಗಲ್ಲುಗಳಿಗಂತೂ ಅಲ್ಲಿ ಬರವಿಲ್ಲ.

ಕಲ್ಲಿನ ಫೋಟೊ ಬಳಗಕ್ಕೆ ಬಿದ್ದೊಡನೆ ಸದಸ್ಯರು ಏಳು ವರ್ಗಗಳಾಗಿ ಒಡೆಯುತ್ತಾರೆ. ಮೊದಲನೆಯದು ಉದ್ಗಾರನಿಷ್ಠ ವರ್ಗ. ‘ಅದ್ಭುತ ಸರ್’ ಮತ್ತು ‘ಅದ್ಭುತ ಗುರುಗಳೇ’ ಎಂಬವು ಇದರ ಶಾಖೆಗಳು. ಎರಡನೆಯದು ಸ್ವಾಮ್ಯನಿರ್ಣಾಯಕ ವರ್ಗ. ಒಂದಕ್ಷರ ಓದುವ ಮೊದಲೇ ಕಲ್ಲು ಕನ್ನಡದ್ದೋ ತಮಿಳಿನದೋ ಎಂದು ತೀರ್ಪು ಕೊಟ್ಟಿರುತ್ತದೆ. ಮೂರನೆಯದು ಲಾಂಛನಸಂವರ್ಧಕ ವರ್ಗ, ಎಂದರೆ ಲೋಗೊ ಮಾಡುವವರು. ನಾಲ್ಕನೆಯದು... ಹೋಗಲಿ ಬಿಡಿ. ಕಲ್ಲು ಇನ್ನೂ ಬದುವಿನಲ್ಲೇ ಇದೆ, ಉಳುಮೆಗೆ ಟ್ರ್ಯಾಕ್ಟರ್ ಬರುತ್ತಿದೆ.

ಮೀಮಾಂಸೆಯ ಗೊಡವೆಯಿಲ್ಲದೆ ನಡೆದ ಕೆಲಸವೂ ಉಂಟು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಿಟ್ಟಯ್ಯನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750, ರಾಷ್ಟ್ರಕೂಟರ ದಂಡು ನುಗ್ಗಿದಾಗ ಪೆರ್ಬೊಳಲ್ ನಾಡಿಗಾಗಿ ಕಾದಿ ಬಿದ್ದವನ ಕಲ್ಲು. ಆಸಕ್ತರು ಊರವರನ್ನು ಕೂಡಿಸಿಕೊಂಡು ಅದಕ್ಕೆ ಮಂಟಪ ಮಾಡಿಸಿದರು. 2021ರಿಂದ ಮಿಥಿಕ್ ಸೊಸೈಟಿಯ ತಂಡವೊಂದು ಬೆಂಗಳೂರು ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಹಿಂದೆಲ್ಲ ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ತಗ್ಗಿಗೆ ಕಾಗದ ಇಳಿಯುವವರೆಗೆ ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ಮೆತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಸವೆದ ಅಕ್ಷರ ಅದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ; ಸ್ಕ್ಯಾನಿನಲ್ಲಿ ಬೆಳಕನ್ನು ಬೇಕಾದ ಕಡೆಗೆ ವಾಲಿಸಿ ಓದಬಹುದು. ಊರು ಹುಡುಕುವವರು, ಮಣ್ಣು ಕೆರೆಯುವವರು, ಓದುವವರು, ಓದಿದ್ದು ತಪ್ಪೆನ್ನುವವರು: ಇಂಥ ಕೆಲಸದಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ಜಗಳಕ್ಕೂ ಅದೇ ವಿಷಯ, ಹಾಗಾಗಿ ಜಗಳವೂ ಚೆನ್ನಾಗಿರುತ್ತದೆ.

ತುಳು ವಿಕಿಪೀಡಿಯದ್ದೂ ಇದೇ ಕತೆ. ಹೊಸ ಭಾಷೆಯ ವಿಕಿಗಳನ್ನು ಪ್ರಯೋಗಕ್ಕಿಡುವ ಇನ್‌ಕ್ಯುಬೇಟರಿನಲ್ಲಿ ವರ್ಷಗಟ್ಟಲೆ ಇದ್ದು ಅದು ಹೊರಬಂದದ್ದು 2016ರ ಆಗಸ್ಟಿನಲ್ಲಿ. ಅಲ್ಲಿಂದ ದಾಟಲು ಕೇಳುವುದು ಭಾಷಾಭಿಮಾನದ ಭಾಷಣವನ್ನಲ್ಲ, ತಿಂಗಳು ತಿಂಗಳೂ ಬಿಡದೆ ಬರೆಯುವ ನಾಲ್ಕು ಜನರನ್ನು.

ಇಲ್ಲಿ ಪ್ರಬಂಧಕಾರನ ಶಾಸ್ತ್ರೀಯ ಸಂಯಮ ಕೆಡುತ್ತದೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಅಚ್ಚು ಹಾಕಿಸಿದ ಬೆಂಗಳೂರು ಜಿಲ್ಲೆಯ ಕಲ್ಲುಗಳಲ್ಲಿ ಎಷ್ಟೋ ಇವತ್ತಿಲ್ಲ. ರಸ್ತೆ ಅಗಲವಾಯಿತು, ಬಡಾವಣೆ ಬಂತು. ಸಾವಿರ ವರ್ಷದ ಮಳೆ ಬಿಸಿಲಿಗೆ ಜಗ್ಗದ ಕಲ್ಲು ಒಂದು ಬೆಳಗಿನ ಜೆಸಿಬಿಗೆ ಹೋಯಿತು. ಯಾರಿಗೂ ನಾಚಿಕೆಯಿಲ್ಲ! ಆಗಲೂ ಎಲ್ಲೋ ಒಂದು ಸಮಿತಿ ತನ್ನ ಧ್ಯೇಯವಾಕ್ಯದ ಸಂಧಿ ತಿದ್ದುತ್ತ ಕೂತಿದ್ದೀತು.

ಬೆಂಗಳೂರಿನ ಕಲ್ಲಿಗೆ ಕೊನೆಗೆ ರೈಸರ ಪಾಠವಾದರೂ ಉಳಿದಿದೆ. ಪಾಪಿರೆಡ್ಡಿಪಟ್ಟಿ ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು, ಮೈಸೂರಿನವರ ಪಟ್ಟಿಗೆ ಸೇರುವ ಊರಲ್ಲ. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. ಕನ್ನಡದ ಬಳಗಗಳ ಪಾಲಿಗೆ ಅದು ಈಗಲೂ ‘ಆ ಕಡೆ’. ಅಲ್ಲಿಗೆ ಹೋಗುವುದೆಂದರೆ ಹೊಸೂರು, ಕೃಷ್ಣಗಿರಿ ದಾಟಬೇಕು, ವಟ್ಟೆಳುತ್ತು ಬಲ್ಲ ತಮಿಳು ಗೆಳೆಯರೊಬ್ಬರನ್ನು ಜೊತೆಗೆ ಕರೆಯಬೇಕು, ಹೊಲದ ಯಜಮಾನರ ಹತ್ತಿರ ನಾಲ್ಕು ಮಾತು ತಮಿಳಿನಲ್ಲಿ ಆಡಬೇಕು. ಉಪಸಮಿತಿ ಈ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಂಡಿದೆ, ಲೋಗೊದ ಬಣ್ಣದ ಚರ್ಚೆ ಮುಗಿದ ಮೇಲೆ, ಸಮಯವಿದ್ದರೆ.