‘ನನ್ನ ಮಗ್ಗುಲಾಗಿ ಮಲಗಿಸಿದ್ರು’: ಡಬ್ಬಾ ಟೀವಿಯ ಸಂದರ್ಶನ

ಡಬ್ಬಾ ಟೀವಿಗಳಿಗೆ ಶುಕ್ರದೆಸೆ. ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವನ್ನು ಬೆಂಗಳೂರಿನ ಐಟಿ ಹುಡುಗರು ‘ರೆಟ್ರೊ’ ಎಂದು ಇಳಿಸಿಕೊಳ್ಳುತ್ತಿದ್ದಾರೆ. ಗುಜರಿಯವರೂ ತೂಕದ ಲೆಕ್ಕ ಬಿಟ್ಟು ಇಂಚಿನ ಲೆಕ್ಕ ಶುರು ಮಾಡಿದ್ದಾರೆ. ಸಿರುಗುಪ್ಪದ ಮನೆಯೊಂದರ 21 ಇಂಚಿನ ಹಿರಿಯರು ಮಾತಿಗೆ ಸಿಕ್ಕರು.

ಪ್ರಶ್ನೆ: ಮತ್ತೆ ಪಡಸಾಲೆಗೆ ಬಂದಿರಲ್ಲ, ಸಂತೋಷವೇ?

ಟೀವಿ: ಎಲ್ಲೀ ಸಂತೋಷ ಸಾರ್! ಮೊಮ್ಮಗ ರಾಸ್ಪ್‌ಬೆರಿ ಪೈ ಅಂತ ಅಂಗೈಯಗಲದ ಬೋರ್ಡು ತಂದು, ಹಳದಿ ಪಿನ್ ಚುಚ್ಚಿ, ಪ್ಯಾಕ್‌ಮ್ಯಾನ್ ಹಚ್ಚಿದ. 1980ರ ಆಟ. ಪಾರ್ಲರ್ ಮಷಿನ್ನಾಗ ಅದರ ಪರದಿ ಉದ್ದಕ ನಿಂತಿರ್ತಿತ್ತು, ನಾನು ಅಡ್ಡ. ಅದಕ್ಕ ನನ್ನ ಮಗ್ಗುಲಾಗಿ ಮಲಗಿಸಿದ! ಒಂದು ಮೂಲ್ಯಾಗ ಹಸಿರು ಮಚ್ಚಿ, ಇನ್ನೊಂದ್ರಾಗ ನೇರಳೆ. ಭೂಮಿನೂ ಅಯಸ್ಕಾಂತ ಅಲ್ಲೇನ್ರಿ? ದಿಕ್ಕು ಬದಲಾದ್ರ ಎಲೆಕ್ಟ್ರಾನು ಬ್ಯಾರೆ ಬಣ್ಣದ ಚುಕ್ಕಿಗೆ ಬೀಳ್ತಾವ. ಆರಿಸಿ, ತಣ್ಣಗಾದ ಮ್ಯಾಲ ಹಚ್ಚಿದ್ರ ‘ಗೂಂ’ ಅಂದು ನಾನೇ ಸರಿಮಾಡ್ಕೊಂತಿದ್ದೆ. ಅವ ಮೆಕ್ಯಾನಿಕ್ ಹುಡುಕಾಕ ಹೋದ.

ಪ್ರಶ್ನೆ: ಅದಿರಲಿ. 4:3ರ ಚಿತ್ರವನ್ನು 16:9ಕ್ಕೆ ಎಳೆದು ತೋರಿಸುವ ಈ ಎಲ್‌ಇಡಿಗಳ ಬಗ್ಗೆ ಏನಂತೀರಿ? 1954ರ ‘ಬೇಡರ ಕಣ್ಣಪ್ಪ’ದ ತೆಳ್ಳನೆಯ ರಾಜಕುಮಾರ್ ನಮ್ಮ ಮನೆಯಲ್ಲಿ ಪೈಲ್ವಾನರಾಗಿದ್ದಾರೆ.

ಟೀವಿ: ಆಗ್ಲಿ ಬಿಡ್ರಿ. ನನ್ನ ಗೆರಿ ವಿಚಾರ ಕೇಳ್ರಿ. ಆಟ ಕಳಿಸೋದು 240ರ ಆಸುಪಾಸು ಗೆರಿ. ಗೆರಿ ಗೆರಿ ನಡುವ ಒಂಚೂರು ಕತ್ತಲ ಬಿಟ್ಟು ಬರೀತೀನಿ. ಆಗಿನ ಚಿತ್ರಗಾರರು ಆ ಕತ್ತಲನ್ನೂ ಲೆಕ್ಕಕ್ಕ ಹಿಡಿದು ಚುಕ್ಕಿ ಇಟ್ರು. ಈಗ ಎಲ್‌ಇಡಿ ಮ್ಯಾಲ ಸುಳ್ಳು ಗೆರಿ ಎಳೀತಾರ, ‘ಸ್ಕ್ಯಾನ್‌ಲೈನ್ ಫಿಲ್ಟರ್’ ಅಂತ! ಹುಡುಗ್ರು ಸೀಮೆಸುಣ್ಣದಲೆ ಮೀಸಿ ಬಿಳಿ ಮಾಡ್ಕೊಂಡು ನಾಟಕದಾಗ ಅಜ್ಜ ಆದಂಗ.

ಪ್ರಶ್ನೆ: ನೀವು ಕರೆಂಟು ಬಹಳ ತಿನ್ನುತ್ತೀರಂತೆ?

ಟೀವಿ: ಸುಳ್ಳು ಗೆರಿ ಸಾರ್, ಸುಳ್ಳು ಗೆರಿ!

ಪ್ರಶ್ನೆ: ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟರೆ ಏನು ಗಂಟು ಹೋಗುತ್ತದೆ? ರಿಮೋಟಿನಲ್ಲಿ ಅದಕ್ಕೊಂದು ಬಟನ್ ಇದೆ. ನಮ್ಮ ಷಡ್ಡಕರಿಗೆ ಎಷ್ಟು ಹೇಳಿದರೂ...

ಟೀವಿ: ನಿಮ್ಮ ಷಡ್ಡಕರು ಹಾಳಾಗ್ಲಿ. ನಮ್ಮಣ್ಣ ಬಳ್ಳಾರ್ಯಾಗ ಇದ್ದ. ನಮ್ಮ ಟ್ಯೂಬಿಗೆ 20 ಸಾವಿರ ವೋಲ್ಟಿಗೂ ಮ್ಯಾಲೆ ಬೇಕು, ಗಾಜು ಧೂಳ ಎಳೀತೈತಿ. ಗಣಿ ಲಾರಿ ಜೋರಿದ್ದಾಗ ಅವನ ಮುಖದ ಮ್ಯಾಲ ಬೆರಳಲೆ ಹೆಸರು ಬರೀಬಹುದಿತ್ತು, ಕೆಂಪಗ.

ಪ್ರಶ್ನೆ: ಈಗೆಲ್ಲಿದ್ದಾರೆ?

ಟೀವಿ: ಗುಜರಿಗೆ ಹಾಕಿದ್ರು. ಹತ್ತು ಹನ್ನೆರಡರ ಹುಡುಗ, ಬರಿಗೈಲೆ, ಹಿಂದಿನ ಕೊರಳು ಮುರಿದು ತಾಮ್ರದ ಸುರುಳಿ ಕಿತ್ಕೊಂಡ. ತಾಮ್ರಕ್ಕ ರೊಕ್ಕ ಐತಿ. ಗಾಜಿನಾಗ ಸೀಸ ಐತಿ, ಅದು ಯಾರಿಗೂ ಬ್ಯಾಡ, ಹಳ್ಳಕ್ಕ ಸುರುವಿದ್ರು. ಅದೇ ಹಳ್ಳದಾಗ ಎಮ್ಮಿ ನೀರು ಕುಡೀತಾವ. ಇ-ತ್ಯಾಜ್ಯ ನಿಯಮ 2012ರಾಗ ಜಾರಿ ಆತು. 2016ರಾಗ ಹೊಸದು, 2022ರಾಗ ಮತ್ತೂ ಹೊಸದು. ಹತ್ತು ವರ್ಷದಾಗ ಮೂರು ಸಲ ನಿಯಮ ಬರಿಯಾಕ ಆತು, ಆ ಕೂಸಿಗೆ ಒಂದು ಜೊತಿ ಕೈಗವಸು ಕೊಡಾಕ ಆಗಲಿಲ್ಲ. ರೆಟ್ರೊ ಅಂತ ರೆಟ್ರೊ! ಅವನ ಕೈ ನೋಡೀರೇನು ನೀವು?

ಪ್ರಶ್ನೆ: ಮೊಮ್ಮಗ ನಿಮ್ಮನ್ನು ಇಟ್ಟುಕೊಳ್ಳುತ್ತಾನಲ್ಲ?

ಟೀವಿ: ಬ್ಯಾಸರ ಆಗೋತನ. ಆಮ್ಯಾಲ ಅದೇ ಗುಜರಿಯವ ಬರ್ತಾನ. ಈಗ ಏಳ್ರಿ, ನನ್ನ ನೆಟ್ಟಗ ಕುಂದ್ರಿಸ್ರಿ. ಒಬ್ಬರ ಕೈಲೆ ಆಗಲ್ಲ, ಹುಡುಗನ್ನೂ ಕರೀರಿ. ಹಿಂದ್ಲಿಂದ ಮಾತ್ರ ಹಿಡೀಬ್ಯಾಡ್ರಿ, ಕೊರಳೈತಿ ಅಲ್ಲಿ.