ಕರೆಂಟಿನ ಪಂಚಮ

“ಎಷ್ಟು ಎಚ್‌ಪಿ ಸಾರ್ ಇದು?”

ಚಿಂತಾಮಣಿಯ ಮೋಟರ್ ವೈಂಡಿಂಗ್ ಅಂಗಡಿಯವನು ನನ್ನ ಆಂಪ್ಲಿಫೈಯರನ್ನು ಒಂದು ಸುತ್ತು ಬಂದು ನೋಡಿ ಕೇಳಿದ ಮೊದಲ ಪ್ರಶ್ನೆ ಅದು. ಅವನ ತಪ್ಪೇನೂ ಇಲ್ಲ. ನಮ್ಮ ಕೆಂಚಾರ್ಲಹಳ್ಳಿ ಕಡೆಯಿಂದ ಟಿವಿಎಸ್ ಮೇಲೆ ಹಗ್ಗ ಬಿಗಿಸಿಕೊಂಡು, ಸುಟ್ಟ ವಾಸನೆ ಹೊಡೆಯುತ್ತ ಬರುವ ಭಾರದ ಸಾಮಾನು ಅಂದರೆ ಒಂದೇ: ಬೋರ್‌ವೆಲ್ಲಿನ ಮೋಟರು. ಸಾವಿರ ಅಡಿ ಕೊರೆದರೂ ಕಲ್ಲಿನ ಪುಡಿಯೇ ಹಾರುವ ಸೀಮೆ ನಮ್ಮದು. ಮೋಟರು ಸುಡುವುದು, ಸುತ್ತಿಸುವುದು, ಮತ್ತೆ ಸುಡುವುದು ನಮಗೆ ನಾಲ್ಕನೆಯ ಕಾಲ. ಮಳೆಗಾಲ ತಪ್ಪಿದರೂ ಅದು ತಪ್ಪುವುದಿಲ್ಲ.

“ಐವತ್ತು ವ್ಯಾಟ್” ಅಂದೆ.

ಅವನು ಮನಸ್ಸಿನಲ್ಲೇ ಭಾಗಿಸಿದ. 746 ವ್ಯಾಟಿಗೆ ಒಂದು ಎಚ್‌ಪಿ ಅನ್ನುವುದು ಅವನಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು. “ಅಂದ್ರೆ ಒಂದಾಣೆ ಎಚ್‌ಪಿ. ಒಂದಾಣೆಗೆ ಇಷ್ಟು ಕಬ್ಬಿಣಾನಾ?” ಅಂದವನು, ಸ್ವಲ್ಪ ಹೊತ್ತು ಬಿಟ್ಟು ಅನುಮಾನದಿಂದ ಕೇಳಿದ, “ನೀರಂತೂ ಎತ್ತಲ್ಲ ತಾನೆ?”

ಎತ್ತುವುದಿಲ್ಲ. ಅದು 1970ರ ದಶಕದ ಫೆಂಡರ್ ಬೇಸ್‌ಮನ್. ಬೇಸ್ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ವಾಲ್ವ್ ಆಂಪ್ಲಿಫೈಯರು. ಇದನ್ನೂ ಬೇಸ್ ಗಿಟಾರನ್ನೂ ಜಗತ್ತಿಗೆ ಕೊಟ್ಟ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮೂಲದಲ್ಲಿ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಆಳೆತ್ತರದ ಡಬಲ್ ಬೇಸನ್ನು ಹೆಣದ ಹಾಗೆ ಹೊತ್ತು ತಿರುಗುತ್ತಿದ್ದ ವಾದಕರ ಪಾಡು ನೋಡಿ, 1951ರಲ್ಲಿ ಹೆಗಲಿಗೆ ನೇತುಹಾಕಿಕೊಳ್ಳುವ ಪ್ರಿಸಿಷನ್ ಬೇಸ್ ಮಾಡಿದ. ಮರುವರ್ಷ ಅದಕ್ಕೆಂದೇ ಬೇಸ್‌ಮನ್ ಬಂತು. ಬಂದದ್ದೇ ತಡ, ಗಿಟಾರಿನವರು ‘ಇದು ನಮಗೆ ಚೆನ್ನಾಗಿದೆ’ ಅಂತ ಎತ್ತಿಕೊಂಡು ಹೋದರು. 1962ರಲ್ಲಿ ಲಂಡನ್ನಿನ ಮಾರ್ಷಲ್ ಅಂಗಡಿಯವರು ಅದೇ ಸರ್ಕ್ಯೂಟು ನೋಡಿಕೊಂಡು ತಮ್ಮ ಮೊದಲ ಆಂಪ್ಲಿಫೈಯರ್ ಕಟ್ಟಿದರು. ಬೇಸಿನವರಾದ ನಮ್ಮ ಕಥೆ ಯಾವಾಗಲೂ ಹೀಗೆ. ಎಲೆ ಹಾಕಿಸಿಕೊಳ್ಳುವವರು ನಾವು, ಊಟ ಮಾಡುವವರು ಗಿಟಾರಿನವರು.

ನಾನು ಬೇಸಿಗೆ ಬಂದದ್ದೂ ಹಾಗೇ. ಎಂಬತ್ತರ ದಶಕದಲ್ಲಿ ಕಾಲೇಜು ಹುಡುಗರು ಸೇರಿ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಕಟ್ಟಿದೆವು. ಹಾಡುವುದಕ್ಕೆ ಆರು ಜನ, ಗಿಟಾರಿಗೆ ಮೂವರು. ನನಗೆ ಕಂಠವೂ ಇರಲಿಲ್ಲ, ಕ್ರಾಪೂ ನಿಲ್ಲುತ್ತಿರಲಿಲ್ಲ. ಆದರೆ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಬಂದಿದ್ದ ಕಾಲ ಅದು. ಇಳಯರಾಜ ಹಾಡಿನ ಅಡಿಯಲ್ಲಿ ಬೇಸನ್ನು ಒಂದು ಕಡೆ ನಿಲ್ಲಗೊಡದೆ ಓಡಿಸಿಬಿಟ್ಟಿದ್ದರು. ಅದಿಲ್ಲದೆ ಆ ಹಾಡು ಹೇಳಿದರೆ ಒಗ್ಗರಣೆ ಇಲ್ಲದ ಸಾರು. ಹೀಗಾಗಿ ಉಳಿದುಹೋಗಿದ್ದ ನನ್ನ ಕೊರಳಿಗೆ ಕೋಲ್ಕತ್ತದಲ್ಲಿ ತಯಾರಾದ ಒಂದು ಸೆಕೆಂಡ್‌ಹ್ಯಾಂಡ್ ಬೇಸ್ ಬಿತ್ತು. ಊರಿಗೆ ತಂದ ದಿನ ಅರಳಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ನಮ್ಮ ಕಡೆಯ ತೆಲುಗಿನಲ್ಲಿ, “ಏಮಿರಾ, ನಾಲುಗೇ ತೀಗಲು? ಎಲುಕಲು ಕೊರಿಕಿನಾಯಾ?” ಅಂದರು. ನಾಲ್ಕೇ ತಂತಿ, ಮಿಕ್ಕಿದ್ದು ಇಲಿ ಕಡಿಯಿತೇ ಅಂತ. ಇವತ್ತಿಗೂ ನನ್ನನ್ನು ‘ಇಲಿ ಕಡಿದ ಗಿಟಾರಿನ ಮೇಷ್ಟ್ರು’ ಅನ್ನುವವರು ನಮ್ಮೂರಲ್ಲಿ ಇದ್ದಾರೆ.

ಈ ಆಂಪ್ಲಿಫೈಯರು ಸಿಕ್ಕಿದ್ದು ಕೆಜಿಎಫ್‌ನಲ್ಲಿ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಅಲ್ಲಿಗೆ. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಕ್ಲಬ್ಬು, ಕ್ರಿಸ್‌ಮಸ್ ಡ್ಯಾನ್ಸು, ಬ್ಯಾಂಡು ಎಲ್ಲ ಇದ್ದ ಊರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಂದೊಂದೇ ಮನೆ ಖಾಲಿಯಾಯಿತು. ಹಾಗೆ ಆಸ್ಟ್ರೇಲಿಯಾದ ಮಗಳ ಮನೆಗೆ ಹೊರಟಿದ್ದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಒಂದು ಜಪಾನಿ ಬೇಸನ್ನೂ ಈ ಪೆಟ್ಟಿಗೆಯನ್ನೂ ನಾನು ಹೇಳಿದ ರೇಟಿಗೇ ಕೊಟ್ಟುಬಿಟ್ಟರು. ಹೊರಡುವಾಗ ಬಾಗಿಲ ಪಕ್ಕದ ಒಂದು ಕಬ್ಬಿಣದ ಡಬ್ಬ ತೋರಿಸಿ, “ಅದನ್ನೂ ತಗೊಂಡು ಹೋಗು ಮ್ಯಾನ್” ಅಂದರು. ಪಾಪ, ಇನ್ನೂ ಎಷ್ಟು ಕೊಡ್ತಾರೆ ಅನ್ನಿಸಿ ಸಂಕೋಚವಾಯಿತು. “ಬೇಡಿ ಸಾರ್, ಇಷ್ಟೇ ಸಾಕು” ಅಂದು ಕೈಮುಗಿದು ಬಂದೆ.

ಆ ಡಬ್ಬ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರು. ಅಮೆರಿಕದ ಪೆಟ್ಟಿಗೆ ಕೇಳುವುದು 117 ವೋಲ್ಟು. ನಮ್ಮ ಗೋಡೆ ಕೊಡುವುದು 230. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿದ್ಯುತ್ ಪಾಠ ಮಾಡಿದ ನಾನು ಸೀದಾ ಪ್ಲಗ್ಗು ಚುಚ್ಚಿದೆ. ಫ್ಯೂಸಾದರೂ ಕಾಪಾಡಬೇಕಿತ್ತು. ಅದರ ಜಾಗದಲ್ಲಿ ಹಿಂದಿನ ಯಾವನೋ ಪುಣ್ಯಾತ್ಮ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದ. ಮೊದಲು ಹೊಗೆ ಬಂತು, ಆಮೇಲೆ ಮನೆಯವಳು ಬಂದಳು.

ವೈಂಡಿಂಗ್ ಅಂಗಡಿಯವನು ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿದ್ದನ್ನು ನಾನು ಸ್ಟೂಲಿನ ಮೇಲೆ ಕೂತು ಇಡೀ ದಿನ ನೋಡಿದೆ. ಸುಟ್ಟ ಪ್ರೈಮರಿ, ಅಂದರೆ ಗೋಡೆಯ ಕರೆಂಟು ಹಿಡಿಯುವ ಸುತ್ತು, ಎಲ್ಲಕ್ಕಿಂತ ಒಳಗಿರುತ್ತದೆ. ಹೊರಗಿನ ಸುತ್ತುಗಳನ್ನು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಚ್ಚಿ, ನೂರಕ್ಕೊಂದು ಗೀಟು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ. ನಡುವೆ ಯಾರೋ ಬಂದು ಐದು ಎಚ್‌ಪಿ ಮೋಟರು ಆಯಿತಾ ಅಂತ ಕೇಳಿದರೆ, ತುಟಿ ಆಡಿಸುತ್ತಲೇ ಕೈಯಲ್ಲಿ ‘ಆಮೇಲೆ’ ಅಂದ. ಪ್ರೈಮರಿಗೆ ಹಳೆಯದಕ್ಕಿಂತ ಸಣ್ಣ ತಂತಿ ತೆಗೆದು, ಹೆಚ್ಚುಕಮ್ಮಿ ದುಪ್ಪಟ್ಟು ಸುತ್ತು ಸುತ್ತಿದ. ವಾರ್ನಿಷ್ ಬಳಿದು ಬಿಸಿಲಿಗಿಟ್ಟ. ಇತ್ತ ನಾನು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಬಿಇಎಲ್ ಕಂಪನಿಯವರು ಹಿಂದೆ ಮಾಡುತ್ತಿದ್ದ ಇಸಿಸಿ83 ವಾಲ್ವು ಹುಡುಕಿ ತಂದೆ. ಅಮೆರಿಕದವರು 12ಎಎಕ್ಸ್7 ಅನ್ನುವುದೂ ಅದನ್ನೇ. ಹೀಗೆ ಕ್ಯಾಲಿಫೋರ್ನಿಯಾದ ಪೆಟ್ಟಿಗೆಗೆ ಚಿಂತಾಮಣಿಯ ತಾಮ್ರವೂ ಬಿಇಎಲ್‌ನ ಗಾಜೂ ಸೇರಿ ಜೀವ ಬಂತು.

ಬಂದ ಜೀವಕ್ಕೆ ಮನೆಯೊಳಗೆ ಜಾಗವಿರಲಿಲ್ಲ. ಬೇಸಿನ ದಪ್ಪ ತಂತಿಯನ್ನು ಸುಮ್ಮನೆ ಮಿಡಿದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಅದು ಕಿವಿಗೆ ಕೇಳುವುದಕ್ಕಿಂತ ಮೊದಲು ಪಾತ್ರೆಗೆ ಕೇಳುತ್ತದೆ. ಯಾವ ಸ್ವರಕ್ಕೆ ಯಾವ ತಟ್ಟೆ ನಡುಗುತ್ತದೆ ಅನ್ನುವುದು ನನ್ನ ಹೆಂಡತಿಗೆ ಬಾಯಿಪಾಠ. “ರೀ, ಆ ಹಿಟ್ಟಿನ ಡಬ್ಬದ ಸ್ವರ ಬಿಟ್ಟು ಬೇರೇದು ಬಾರಿಸಿ” ಅನ್ನುತ್ತಾಳೆ. ಬೇಸ್ ತಂತಿಯ ಒಂದು ಸೆಟ್ಟಿನ ಬೆಲೆ ಕೇಳಿದ ದಿನದಿಂದ ನಾನು ಅಮೆರಿಕದ ಜೇಮ್ಸ್ ಜೇಮರ್‌ಸನ್‌ನ ಶಿಷ್ಯ. ಮೋಟೌನ್ ಕಂಪನಿಯ ಆ ಮಹಾ ವಾದಕ ತಂತಿ ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ. ಅವನದು ಸಿದ್ಧಾಂತ, ನನ್ನದು ಸಂಬಳ. ತೀರಾ ಮಂದವಾದಾಗ ಬೇಸಿನವರೆಲ್ಲ ಮಾಡುವ ಉಪಾಯ, ತಂತಿಯನ್ನು ನೀರಲ್ಲಿ ಕುದಿಸುವುದು. ಸಂದಿಯಲ್ಲಿ ಕೂತ ಬೆವರು, ಜಿಡ್ಡು ಬಿಟ್ಟು ಧ್ವನಿ ತಿಳಿಯಾಗುತ್ತದೆ. ಒಂದು ಭಾನುವಾರ ಮುದ್ದೆ ಪಾತ್ರೆಯಲ್ಲಿ ಕುದಿಯಲು ಬಿಟ್ಟಿದ್ದೆ. ಅವಳು ಮುಚ್ಚಳ ತೆಗೆದು, “ಇದೇನ್ರಿ, ಶ್ಯಾವಿಗೇನಾ?” ಅಂದಳು. ನೀರು ಹುರುಳಿ ಬಸ್ಸಾರಿನ ಬಣ್ಣಕ್ಕೆ ತಿರುಗಿತ್ತು. ಆ ಪಾತ್ರೆ ಈಗ ನನ್ನ ಸಂಗ್ರಹದಲ್ಲಿದೆ.

ಸರಿ, ಪೆಟ್ಟಿಗೆಯನ್ನು ಹುಳುಮನೆಗೆ ಸಾಗಿಸಿದೆ. ಅಲ್ಲಿ ಅಮ್ಮನ ಆಡಳಿತ. ರೇಷ್ಮೆಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. “ನಾಕನೇ ಜ್ವರಕ್ಕೆ ಕೂತವೆ ಕಣಪ್ಪ. ಜ್ವರ ಬಂದೋರ ತಲೆಮೇಲೆ ಯಾರಾದ್ರೂ ಡುಂ ಡುಂ ಅಂತಾರಾ?” ಅಮ್ಮನ ಮಾತಿಗೆ ಯಾವ ಭೌತಶಾಸ್ತ್ರ ಉತ್ತರ ಹೇಳುತ್ತದೆ? ಜ್ವರ ಎದ್ದ ಮೇಲೆ ಹುಳುಗಳು ಹಗಲು ರಾತ್ರಿ ಸೊಪ್ಪು ಮೇಯುವ ಸದ್ದಿದೆಯಲ್ಲ, ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ, ಅದರ ಪಕ್ಕದಲ್ಲಿ ಕೂತು ಆಂಪ್ಲಿಫೈಯರ್ ಹಾಕದೆ ಬರೀ ಬೆರಳಲ್ಲಿ ನುಡಿಸುತ್ತಿದ್ದೆ. ಆ ಸಲ ಗೂಡಿಗೆ ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಒಳ್ಳೇ ರೇಟು ಸಿಕ್ಕಿತು. ಅಮ್ಮ ಅದಕ್ಕೆ ಕಾರಣ ದೇವರು ಅಂದಳು. ನಾನು ಸುಮ್ಮನಿದ್ದೆ.

ಪೆಟ್ಟಿಗೆಗೆ ಒಂದೇ ಒಂದು ಚಟ ಉಳಿದಿತ್ತು: ಸ್ವಿಚ್ಚು ಹಾಕಿದರೆ ‘ಹೂಂ’ ಅನ್ನುವುದು. ಕರೆಂಟಿನ ಆವರ್ತನ 50. ಬೇಸಿನ ದಪ್ಪ ತಂತಿಯ ಮೂರನೇ ಮನೆಯ ಜಿ ಸ್ವರ 49. ಅಂದರೆ ನಮ್ಮ ದೇಶದ ಕರೆಂಟು ಹುಟ್ಟಾ ಜಿ ಸ್ವರದ್ದು, ಕೂದಲೆಳೆ ಏರು. ತೊಂಬತ್ತರ ದಶಕದಲ್ಲಿ ಲೋಡು ಜಾಸ್ತಿಯಾದಾಗ ದಕ್ಷಿಣದ ಗ್ರಿಡ್ಡು 49ಕ್ಕೆ, ಇನ್ನೂ ಕೆಳಕ್ಕೆ ಜಾರುತ್ತಿದ್ದುದುಂಟು. ಆಗ ಕರೆಂಟು ಸರಿಯಿರಲಿಲ್ಲ, ಶ್ರುತಿ ಸರಿಯಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡನ್ನು ದೇಶದ ಗ್ರಿಡ್ಡಿಗೆ ಜೋಡಿಸಿದರು. ಅಲ್ಲಿಂದ ಕಾಶ್ಮೀರದ ಫ್ಯಾನೂ ಕೆಂಚಾರ್ಲಹಳ್ಳಿಯ ಮೋಟರೂ ಒಂದೇ ಶ್ರುತಿ. ಈಗ ಕರೆಂಟು ಸರಿಯಿದೆ, ಜಿ ತಪ್ಪಿದೆ.

ಈ ‘ಹೂಂ’ ಉಪಯೋಗಕ್ಕೆ ಬಂದದ್ದು ಒಂದು ಶನಿವಾರ. ರಾಮಮಂದಿರದಲ್ಲಿ ಭಜನೆ. ಕೈವಾರದ ತಾತಯ್ಯನವರ ಕೀರ್ತನೆ, ತೆಲುಗಿನದೊಂದು ಕನ್ನಡದ್ದೊಂದು. ಮೈಕ್‌ಸೆಟ್ಟಿನವನು ಮದುವೆಗೆ ಹೋಗಿದ್ದ, ಶ್ರುತಿಪೆಟ್ಟಿಗೆ ಕೆಟ್ಟು ಕೂತಿತ್ತು. “ನಿನ್ ಡಬ್ಬ ತಂದಿಡು ಮೇಷ್ಟ್ರೇ, ಮೈಕಿಗಾಗುತ್ತೆ” ಅಂತ ಹೇಳಿಕಳಿಸಿದರು. ಕರೆಯದಿದ್ದರೂ ಬೇಸನ್ನು ಜೊತೆಗೆ ಒಯ್ದೆ. ಸ್ವಿಚ್ಚು ಹಾಕಿದೆ. ಹೂಂ ಅಂತು.

ಹಾರ್ಮೋನಿಯಂ ತಾತ ಬಿಳಿ ಒಂದು ಒತ್ತಿ ಹಿಡಿದು ಕಿವಿ ಓರೆ ಮಾಡಿದರು. “ಏ, ಇದು ಪಂಚಮ ಹಿಡಿದೈತೆ ಕಣೋ!” ಮುಖ ಅರಳಿತು. ಮರುಕ್ಷಣ ಹುಬ್ಬು ಗಂಟಾಯಿತು. “ಒಂಚೂರು ಏರೈತೆ. ಇಳಿಸು.”

“ಇಳಿಸೋಕೆ ನನ್ ಕೈಲಿಲ್ಲ ತಾತ. ಇಳಿಸಬೇಕಂದ್ರೆ ಇಡೀ ದೇಶ ಇಳೀಬೇಕು.”

ತಾತ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದರು. ದೇಶಕ್ಕೆ ಕಾಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಹಾರ್ಮೋನಿಯಂ ಮುಚ್ಚಿ ಪಕ್ಕಕ್ಕಿಟ್ಟು, ತಾಳ ಕೈಗೆತ್ತಿಕೊಂಡು, “ಎಲ್ರೂ ಒಂಚೂರು ಏರಿಸ್ಕೊಳ್ರಪ್ಪ” ಅಂದರು. ನಾನೂ ಬಿರಡೆ ತಿರುಗಿಸಿ ನಾಲ್ಕೂ ತಂತಿಯನ್ನು ಕರೆಂಟಿಗೆ ಸೇರಿಸಿ, ಮೆಲ್ಲಗೆ ಅಡಿಯಲ್ಲಿ ಹಿಡಿದುಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಯಾರಿಗೂ ಕೇಳಿಸಿದಂತೆಯೂ ಕಾಣಲಿಲ್ಲ. ಮಂದಿರದ ಕಿಟಕಿಯ ಗಾಜು ಮಾತ್ರ ಸಣ್ಣಗೆ ತಾಳ ಹಾಕುತ್ತಿತ್ತು.

ಮೂರನೇ ಕೀರ್ತನೆಯ ನಡುವೆ ಲೈಟು ಹೋಯಿತು. ಹೂಂ ನಿಂತಿತು, ಬೇಸ್ ನಿಂತಿತು, ಹಾಡು ನಾಲ್ಕು ದಿಕ್ಕಿಗೆ ಜಾರಿ ಅದೂ ನಿಂತಿತು. ಕತ್ತಲಲ್ಲಿ ತಾತನ ದನಿ ಕೇಳಿತು:

“ಇಳೀತು ನೋಡಪ್ಪ ನಿನ್ ದೇಶ.”