ಒಡೆದ ಹಾಲಿಗೆ ರೊಕ್ಕ

ನಮ್ಮ ಮನೆಯಲ್ಲಿ ಹಾಲು ಒಡೆದರೆ ಮೂರು ದಿನ ವಿಚಾರಣೆ ನಡೆಯುತ್ತದೆ. ಪಾತ್ರೆ ತೊಳೆದವರು ಯಾರು, ನಿನ್ನೆಯ ಹಾಲಿಗೆ ಇವತ್ತಿನದನ್ನು ಸುರಿದವರು ಯಾರು, ಒಲೆ ನೋಡಿಕೋ ಎಂದರೆ ಮೊಬೈಲು ನೋಡಿಕೊಂಡವರು ಯಾರು? ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಕಟಕಟೆಯಲ್ಲಿ ನಾನೇ ನಿಂತಿರುತ್ತೇನೆ. ಬಳ್ಳಾರಿಯ ಏಪ್ರಿಲ್ ಬಿಸಿಲನ್ನು ಯಾರೂ ಆರೋಪಿ ಮಾಡುವುದಿಲ್ಲ. ಇಂಥ ಮನೆಗೆ ಬೆಂಗಳೂರಿನಿಂದ ರಜೆಗೆ ಬಂದ ಮಗ ಒಡೆದ ಹಾಲನ್ನೇ ಕೊಂಡು ತಂದ. ಅದೂ ಆಡಿನ ಹಾಲು. 150 ಗ್ರಾಂ ಬಿಳಿ ಉಂಡೆ, ಮದುವೆ ಉಡುಗೊರೆಯಂಥ ಪೊಟ್ಟಣ, 420 ರೂಪಾಯಿ.

"ಗೋಟ್ ಚೀಸ್, ಅಪ್ಪ. ಒಳ್ಳೆ ಪ್ರೋಟೀನ್" ಎಂದ.

ಕುರುಗೋಡಿನಿಂದ ಬಂದಿದ್ದ ನನ್ನ ಸೋದರತ್ತೆ ಪಡಸಾಲೆಯಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಆಡು ಕಟ್ಟಿದ ಜೀವ ಅದು. ಪೊಟ್ಟಣವನ್ನು ತಿರುಗಿಸಿ ನೋಡಿದಳು, ಮೂಸಿದಳು, ವಾಪಸು ಕೊಟ್ಟಳು.

"ಒಡೆದ ಹಾಲಿಗೆ ರೊಕ್ಕ ಕೊಟ್ಟು ಬಂದೀಯೇನೋ? ನಮ್ಮೂರಾಗೆ ಇದನ್ನ ನಾಯಿಗೆ ಹಾಕ್ತಾರೆ."

ಮಗನ ಮುಖವೂ ಹಾಲಿನಂತೆ ಒಡೆಯಿತು.

ಅತ್ತೆಯ ತಪ್ಪಲ್ಲ. ಅವಳ ಊರಿನಲ್ಲಿ ನಂದಿ ಬಸವಣ್ಣನಿಗೆ ಗುಡಿ ಇದೆ. ಕುರುಗೋಡಿನ ದೊಡ್ಡಬಸವೇಶ್ವರನ ವಿಗ್ರಹದ ಮುಂದೆ ನಿಂತರೆ ನಾವು ಇರುವೆಗಳು. ಹಸುವಿಗೆ ತಾಯಿಯ ಸ್ಥಾನ, ಎಮ್ಮೆಗೆ ಹೋಟೆಲ್ಲಿನ ಚಹಾದಲ್ಲಿ ಮಾನ. ಆಡಿಗೆ ಮಾತ್ರ ನಾವು ಕೊಟ್ಟದ್ದು ಮಸಾಲೆ. "ಆಡು ಮುಟ್ಟದ ಸೊಪ್ಪಿಲ್ಲ" ಎಂದು ಗಾದೆ ಕಟ್ಟಿ, ಅದು ತಿನ್ನುವುದನ್ನು ಹೊಗಳಿದೆವೇ ಹೊರತು ಅದು ಕೊಡುವುದನ್ನಲ್ಲ.

ಆಡಿನ ಪರವಾಗಿ ನಿಂತವರು ಗಾಂಧೀಜಿ. ಹಸು, ಎಮ್ಮೆಯ ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದರು. ಕಾಯಿಲೆ ಬಿದ್ದು ನವೆದಾಗ, 1919ರ ಹೊತ್ತಿಗೆ, ಕಸ್ತೂರಬಾ ಒಂದು ಸಂದು ಹುಡುಕಿಕೊಟ್ಟರು: ವ್ರತದಲ್ಲಿ ಆಡಿನ ಹೆಸರಿಲ್ಲವಲ್ಲ! ಬಾಪೂ ಕುಡಿದರು, ಬದುಕಿದರು; ವ್ರತದ ಅಕ್ಷರ ಉಳಿಯಿತು, ಅರ್ಥ ಹೋಯಿತು ಎಂದು ಆತ್ಮಕಥೆಯಲ್ಲಿ ತಪ್ಪೊಪ್ಪಿಕೊಂಡರು. ವಕೀಲರಾಗಿದ್ದು ಗಂಡ, ಕೇಸು ಗೆದ್ದದ್ದು ಹೆಂಡತಿ. ಎರಡು ವರ್ಷದ ಮೇಲೆ, 1921ರಲ್ಲಿ, ಅವರು ನಮ್ಮ ಬಳ್ಳಾರಿ ರೈಲು ನಿಲ್ದಾಣದಲ್ಲಿ ಒಂದು ರಾತ್ರಿ ಕಳೆದದ್ದನ್ನು ಊರು ಇನ್ನೂ ಹೆಮ್ಮೆಯಿಂದ ನೆನೆಯುತ್ತದೆ. ಆಡನ್ನು ನೆನೆಯುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಸಿಗುತ್ತದೆ. ಅಲ್ಲಿಯ ಬೆಟ್ಟದಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ಮಾಡಿಸಿ, ನಾಲ್ಕು ಸಾವಿರ ವರ್ಷದ ಹಿಂದಿನ ನವಶಿಲಾಯುಗದ ಮನೆಗಳನ್ನು ಬೆಳಕಿಗೆ ತಂದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನದೂ ಅದೇ ಕಾಲದ ಸಂಸಾರ. ದನ, ಕುರಿ, ಆಡು ಸಾಕಿಕೊಂಡು ಬಂಡೆಗಳ ನಡುವೆ ಬಾಳಿದ ಜನ. ಬಳ್ಳಾರಿಯ ಬಿಸಿಲು ಅವರಿಗೂ ಇತ್ತು, ಫ್ರಿಜ್ಜು ಇರಲಿಲ್ಲ. ಅವರ ಮಡಕೆಯಲ್ಲಿ ಹಾಲು ಒಡೆದಾಗ ಮೂರು ದಿನ ವಿಚಾರಣೆ ನಡೆಸುವಷ್ಟು ಪುರುಸೊತ್ತು ಅವರಿಗಿದ್ದೀತೆಂದು ನನಗನಿಸುವುದಿಲ್ಲ. ತಿಂದಿರಬೇಕು.

ನಾನೂ ತಿಂದೆ. ಮೊದಲು ಉಪ್ಪು, ಆಮೇಲೆ ಮೊಸರಿನಂಥ ಹುಳಿ, ಕೊನೆಗೆ ಗಂಟಲ ಬಳಿ ಒಂದು ಸಣ್ಣ "ಮ್ಯಾಂ". ಆ ವಾಸನೆಗೆ ಕಾರಣ ಕೊಬ್ಬಿನಲ್ಲಿರುವ ಮೂರು ಆಮ್ಲಗಳಂತೆ: ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್. ಮೂರಕ್ಕೂ ಲ್ಯಾಟಿನ್ನಿನ ಆಡಿನ ಹೆಸರನ್ನೇ ಇಟ್ಟಿದ್ದಾರೆ. ಅತ್ತೆ ಶಾಲೆಗೆ ಹೋಗದೆಯೇ ಅದನ್ನು "ಹೋತನ ವಾಸನೆ" ಎಂದಿದ್ದಳು.

ಮಗ ಸೋಲಲಿಲ್ಲ, ಲೆಕ್ಕ ಒಪ್ಪಿಸಿದ. 30 ಗ್ರಾಂ ಮೆತ್ತನೆ ಚೀಸಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್, 6 ಗ್ರಾಂ ಕೊಬ್ಬು, 80 ಕ್ಯಾಲೊರಿ. ಆಡಿನ ಹಾಲಿನ ಕೊಬ್ಬಿನ ಕಣ ಚಿಕ್ಕದು, ಹೆಪ್ಪು ಮೆತ್ತಗೆ, ಹಾಗಾಗಿ ಕೆಲವರ ಹೊಟ್ಟೆಗೆ ಹಗುರ. ಹಸುವಿನ ಹಾಲಿನ ಹಳದಿ ಇದಕ್ಕಿಲ್ಲ. ಕ್ಯಾರೋಟಿನನ್ನು ಆಡು ತಾನೇ ಎ ಜೀವಸತ್ವವಾಗಿ ಮಾಡಿಕೊಟ್ಟುಬಿಡುತ್ತದೆ. ಹಾಲಿನ ಸಕ್ಕರೆ ಬಹುಪಾಲು ಒಡೆದ ನೀರಿನ ಜೊತೆ ಹೋಗುತ್ತದೆ. ಆದರೆ ಹಸುವಿನ ಹಾಲು ಮೈಗೆ ಅಲರ್ಜಿಯಾಗುವವರು ಆಡನ್ನು ನಂಬಿ ಕೂಡಬಾರದು, ಅದೂ ಅಲರ್ಜಿಯಾಗುವುದೇ ಹೆಚ್ಚು. ಉಪ್ಪೂ ಕೊಬ್ಬೂ ಇರುವುದರಿಂದ ಬಿ.ಪಿ. ಇರುವ ನನ್ನಂಥವರಿಗೆ ಒಂದು ತುಣುಕೇ ಪ್ರಸಾದ. ಇಷ್ಟನ್ನು ಅವನು ಹೇಳಿ ಮುಗಿಸುವಷ್ಟರಲ್ಲಿ 420 ರೂಪಾಯಿಯ ಉಂಡೆ ಮುಗಿದಿತ್ತು. ಪ್ರಸಾದವನ್ನು ನಾನು ಎರಡು ಮೂರು ಸಲ ತೆಗೆದುಕೊಂಡಿದ್ದೆ.

ಮನೆಯಲ್ಲೇ ಮಾಡೋಣ ಎಂದು ನಾನು ಘೋಷಿಸಿದ್ದು ಆಗ. ಸಿರುಗುಪ್ಪದ ಭಾವನಿಗೆ ಫೋನು ಮಾಡಿದೆ. ಅವರ ಭತ್ತದ ಗದ್ದೆ ಕೊಯ್ಲಾದ ಮೇಲೆ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಹಿಂಡಿನ ತುಂಬ ಕುರಿ, ನಡುವೆ ಕುರಿಗಾರರ ಚಹಾದ ಹಾಲಿಗೆ ನಾಲ್ಕಾರು ಆಡು. ಭಾವ ಅವರನ್ನು ಕಾಡಿ ಬೇಡಿ ಎರಡು ಲೀಟರು ಹಾಲನ್ನು ಕ್ಯಾನಿನಲ್ಲಿ ಹಿಡಿದು ಬಸ್ಸಿನಲ್ಲಿ ತಂದರು. ಸಿರುಗುಪ್ಪದಿಂದ ಅವರು ಸೋನಾಮಸೂರಿ ತಂದಾಗ ಬಸ್ಸಿನಲ್ಲಿ ಎಲ್ಲರೂ ಮಾತಾಡಿಸುತ್ತಿದ್ದರಂತೆ. ಈ ಸಲ ಪಕ್ಕದ ಸೀಟು ಬಳ್ಳಾರಿಯವರೆಗೂ ಖಾಲಿ.

ಹಾಲನ್ನು ಕಡ್ಡಾಯವಾಗಿ ಕಾಯಿಸಿದೆ. ಕಾರಣ ಇದೆ: ಬ್ರಿಟಿಷರ ಕಾಲದಲ್ಲಿ ಮಾಲ್ಟಾ ದ್ವೀಪದಲ್ಲಿದ್ದ ಸಿಪಾಯಿಗಳು ಬಿಡದ ಜ್ವರದಿಂದ ನರಳುತ್ತಿದ್ದರು. ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಅದರ ರೋಗಾಣುವನ್ನು ಹಿಡಿದ; ಅದು ಹಸಿ ಆಡಿನ ಹಾಲಿನಲ್ಲಿ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ನಮ್ಮ ಅಜ್ಜಿಯರು ಕಾಯಿಸದ ಹಾಲು ಕೊಟ್ಟವರೇ ಅಲ್ಲ. ಕಾದ ಹಾಲಿಗೆ ಲಿಂಬೆರಸ ಹಿಂಡಿದೆ. ಬೇಡವೆಂದಾಗ ತಾನಾಗಿ ಒಡೆಯುವ ಹಾಲು, ಬೇಕೆಂದಾಗ ಹತ್ತು ನಿಮಿಷ ಸತಾಯಿಸಿತು. ಕೊನೆಗೆ ಒಡೆದದ್ದೋ, ರವೆಯಷ್ಟು ಸಣ್ಣಗೆ. ಪನೀರಿನ ಗಡ್ಡೆಯ ಕನಸು ಕಾಣುತ್ತ ನನ್ನ ಹಳೇ ಪಂಚೆಯಲ್ಲಿ ಸೋಸಿದೆ. ಪಂಚೆ ತೆಳು, ಹೆಪ್ಪು ಮೆತ್ತಗೆ. ಅರ್ಧ ಚೀಸು ಬಚ್ಚಲಿಗೆ ಹೋಯಿತು, ಉಳಿದರ್ಧದಿಂದ ಇಡೀ ಓಣಿಗೆ ವಾಸನೆ ಹೋಯಿತು.

ಅತ್ತೆ ಮೂಸಿ ನೋಡಿ ಒಂದೇ ಮಾತು ಕೇಳಿದಳು. "ಹಿಂಡಿನಾಗೆ ಹೋತ ಇತ್ತೇನು?" ಭಾವ ಇತ್ತೆಂದರು. "ಹೋತ ಬಗಲಿಗೆ ಇದ್ರೆ ಹಾಲು ನಾರದೆ ಇರುತ್ತೇನು? ಕರೆಯೋನು ಕೈನೂ ತೊಳ್ದಿರಲಿಕ್ಕಿಲ್ಲ."

ಮುಂದಿನ ವಾರ ಅವಳೇ ಕುರುಗೋಡಿನಿಂದ ಹಾಲು ತರಿಸಿದಳು. ಕೈ, ಕೆಚ್ಚಲು ತೊಳೆದು ಕರೆದ ಹಾಲು, ಹೋತ ಊರಾಚೆ. ಬಟ್ಟೆ ನಾಲ್ಕು ಮಡಿಕೆ. ಎರಡು ತಾಸು ತೂಗುಹಾಕಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟೆವು. ವಾಸನೆ ಬರೀ ಹಾಲಿನದು. ಸೋಸಿದ ನೀರನ್ನು ನಾನು ಚೆಲ್ಲಲು ಹೋದರೆ ಅತ್ತೆ ಕೈ ಹಿಡಿದಳು. ಆ ನೀರನ್ನೇ ಕುದಿಸಿ ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿದಳು.

ತಿನ್ನುವ ಬಗೆ ಮಗನಿಗೆ ಗೊತ್ತಿದ್ದದ್ದು ಒಂದೇ: ಬಿಸ್ಕತ್ತಿನ ಮೇಲೆ ಸವರಿ ಜೇನು ಹಾಕುವುದು. ತಪ್ಪಲ್ಲ, ಹುಳಿಗೆ ಸಿಹಿ ಒಪ್ಪುತ್ತದೆ. ಆದರೆ ಬಿಸಿ ರೊಟ್ಟಿಯ ಮೇಲೆ ಇದನ್ನು ಬೆರಳಿನಿಂದ ಸವರಿ, ಗುರೆಳ್ಳು ಪುಡಿ ಉದುರಿಸಿ, ಬದಿಗೆ ಹಸಿ ಈರುಳ್ಳಿ ಕಡಿದರೆ ಆಗುವ ರುಚಿ ಬೇರೆ. ಮನೆಯಾಕೆ ಒಂದು ಹೆಜ್ಜೆ ಮುಂದೆ ಹೋಗಿ ಮಿರ್ಚಿಯ ಹೊಟ್ಟೆ ಸೀಳಿ, ಚೀಸು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದಳು. ವಗ್ಗರಣಿಯ ಜೊತೆ ಆ ಮಿರ್ಚಿ ತಿಂದ ಸಂಜೆ, ಬಳ್ಳಾರಿಯಲ್ಲಿ ಹುಟ್ಟಿದ್ದಕ್ಕೆ ಮೊದಲ ಸಲ ಬಿಸಿಲನ್ನು ಕ್ಷಮಿಸಿದೆ.

ಅತ್ತೆ ಎರಡು ರೊಟ್ಟಿ ಮುಗಿಸಿ, ಬೆರಳು ನೆಕ್ಕಿ, ಮೂರನೆಯದಕ್ಕೆ ತಾಟು ಚಾಚಿದಳು. ತೀರ್ಪಿಗಾಗಿ ಮನೆಮಂದಿಯೆಲ್ಲ ಕಾದಿದ್ದೆವು.

"ರುಚಿ ಐತೆ. ಮೈಗೂ ಒಳ್ಳೇದೇ ಇರಬೇಕು" ಎಂದಳು. ಆಮೇಲೆ ಮೊಮ್ಮಗನ ಕಡೆ ತಿರುಗಿದಳು. "ಆದರೆ ಆಡಿನ ಹಾಲು ತಿನ್ನೋಕೆ 420 ರೂಪಾಯಿ ಕೊಟ್ಟು ನೀನು ಕುರಿ ಆಗಬೇಕಿರಲಿಲ್ಲಪ್ಪ."